ಹೋಗಿ ಬರುವ ಊರು

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಒಡೆಯರಪಾಳ್ಯದ ಬಸ್ಸನ್ನು ಗುರುತಿಸಲು ಫಲಕವನ್ನು ಓದಬೇಕಾಗಿಲ್ಲ. ಕಡುಗೆಂಪು ನಿಲುವಂಗಿ ತೊಟ್ಟ ಇಬ್ಬರು ಬೌದ್ಧ ಭಿಕ್ಷುಗಳು, ಹೆಗಲಿಗೆ ಟವಲು ಹಾಕಿದ ನಾಲ್ಕಾರು ರೈತರು, ಹಣೆತುಂಬ ಮಾದಪ್ಪನ ವಿಭೂತಿ ಬಳಿದುಕೊಂಡ ಒಬ್ಬ ಮುದುಕಿ, ಎರಡು ಚೀಲ ಗೊಬ್ಬರ, ಕಾಲು ಕಟ್ಟಿದ ಒಂದು ಕೋಳಿ—ಇವಿಷ್ಟೂ ಒಂದೇ ಬಾಗಿಲಿನಲ್ಲಿ ಏಕಕಾಲಕ್ಕೆ ಹತ್ತಲು ಹವಣಿಸುತ್ತಿದ್ದರೆ ಅದೇ ನಮ್ಮೂರ ಬಸ್ಸೆಂದು ತಿಳಿಯಬಹುದು. 2024ರ ಆಗಸ್ಟ್ ತಿಂಗಳ ಒಂದು ಶನಿವಾರ ಮಧ್ಯಾಹ್ನ ನಾನೂ ಆ ಗುಂಪಿನೊಡನೆ ನುಗ್ಗಿ, ಕಿಟಕಿಯ ಪಕ್ಕದ ಸೀಟನ್ನು ಸಂಪಾದಿಸಿದೆ.

ಪ್ರಯಾಣಕ್ಕೆ ಕಾರಣ ಅಕ್ಕನ ಫೋನು. "ತಮ್ಮಯ್ಯ, ಕೂಸ್ಗೆ ಮೈಸೂರ್ನಲ್ಲಿ ಕಾಲೇಜೂ ಆಯ್ತು, ಹಾಸ್ಟ್ಲೂ ಸಿಕ್ತು. ನೀನೇ ಬಂದು ಕರ್ಕೊಂಡೋಗಪ್ಪ. ಅವರಪ್ಪ ಹೊಲ ಬುಟ್ಟು ಬರಂಗಿಲ್ಲ" ಎಂದಿದ್ದಳು. ಹದಿನೆಂಟು ತುಂಬಿ ಮೀಸೆ ಮೂಡಿದ ಮಗನೂ ಅಕ್ಕನಿಗೆ ಇನ್ನೂ ಕೂಸೇ. ಮೈಸೂರಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನಗೆ, ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗರನ್ನು ಪ್ರತಿವರ್ಷವೂ ತರಗತಿಯಲ್ಲಿ ನೋಡಿ ಅಭ್ಯಾಸವಾಗಿದೆ. ಮೊನ್ನೆ ಮೊನ್ನೆ ಊರು ಬಿಟ್ಟವರು ಯಾರೆಂಬುದನ್ನು ಅವರ ಮುಖವೇ ಹೇಳುತ್ತದೆ. ಆದರೆ ಅವರು ಬಿಟ್ಟುಬಂದ ಊರು ಮಾತ್ರ ಮೇಷ್ಟರ ಕಣ್ಣಿಗೆ ಬೀಳುವುದಿಲ್ಲ. ಈ ಸಲ ಆ ತುದಿಯಿಂದ ಹೊರಟುಬರುವ ಯೋಗ ನನ್ನದಾಯಿತು.

ಕೊಳ್ಳೇಗಾಲದಿಂದ ಒಡೆಯರಪಾಳ್ಯಕ್ಕೆ ಸುಮಾರು 40 ಕಿಲೋಮೀಟರು. ರೇಷ್ಮೆಗೆ ಹೆಸರಾದ ಸೀಮೆಯ ಹಿಪ್ಪುನೇರಳೆ ತೋಟಗಳು ಹಿಂದೆ ಸರಿದು, ಲೊಕ್ಕನಹಳ್ಳಿ ಕಳೆದ ಮೇಲೆ ಗಾಳಿಯೇ ಬೇರೆಯಾಗುತ್ತದೆ. ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟ. ಪೂರ್ವಕ್ಕೆ ಮಲೆ ಮಹದೇಶ್ವರನ ಬೆಟ್ಟ. ರಂಗಪ್ಪನ ಕಾಡಿನಿಂದ ಮಾದಪ್ಪನ ಕಾಡಿಗೆ ಆನೆಗಳು ಹೋಗಿಬರುವ ಹಾದಿಗಳು ಇಲ್ಲಿವೆ. ಎಡೆಯಾರಳ್ಳಿ–ದೊಡ್ಡಸಂಪಿಗೆ ಆನೆದಾರಿ ಅವುಗಳಲ್ಲಿ ಹೆಸರಾದದ್ದು. ರಂಗಪ್ಪನ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಮಾದಪ್ಪನ ಕಾಡು 2013ರಲ್ಲಿ ವನ್ಯಧಾಮವೆನಿಸಿತು. ಆನೆಗಳು ಈ ಎರಡು ಆಜ್ಞೆಗಳಿಗೂ ಕಾಯದೆ ತಲೆತಲಾಂತರದಿಂದ ತಮ್ಮ ಸಂಚಾರವನ್ನು ನಡೆಸಿಕೊಂಡೇ ಬಂದಿವೆ. ಒಡೆಯರಪಾಳ್ಯದಾಚೆಗೆ ರಸ್ತೆ ಕಾಡಿನ ನಡುವೆ ತಮಿಳುನಾಡಿನ ಹಾಸನೂರಿನ ಕಡೆಗೆ ಸಾಗುತ್ತದೆ.

ಕುಳಿತಲ್ಲೇ ಕುಳಿತು ವಿಳಾಸ ಬದಲಾಯಿಸಿದ ಊರುಗಳಲ್ಲಿ ಒಡೆಯರಪಾಳ್ಯವೂ ಒಂದು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಂದಿನಿಂದ ಮೈಸೂರು ಜಿಲ್ಲೆ. 1997ರಿಂದ ಚಾಮರಾಜನಗರ ಜಿಲ್ಲೆ. ಈಚೆಗೆ ಕೊಳ್ಳೇಗಾಲದಿಂದ ಬೇರೆಯಾದ ಹನೂರು ತಾಲ್ಲೂಕು. ನಮ್ಮಜ್ಜಿ ಹುಟ್ಟಿದ ಮನೆಯಲ್ಲೇ ಬಾಳಿ, ಎರಡು ರಾಜ್ಯ ಮತ್ತು ಮೂರು ಜಿಲ್ಲೆಗಳನ್ನು ಕಂಡು ತೀರಿಕೊಂಡಳು. ಹೊರಗಿನವರಿಗೆ ಬಹುಕಾಲ ಈ ಸೀಮೆಯ ಗುರುತೆಂದರೆ ಒಂದೇ ಹೆಸರು. 2004ರ ಜೂನ್ ತಿಂಗಳಲ್ಲಿ ನಾನು ಹಾಸ್ಟೆಲು ಸೇರಿದಾಗ ಕೊಠಡಿಯ ಗೆಳೆಯರು ಕೇಳಿದ ಮೊದಲ ಪ್ರಶ್ನೆ, "ವೀರಪ್ಪನ್‌ನನ್ನು ನೋಡಿದ್ದೀಯಾ?" ಎಂಬುದು. ಆ ವರ್ಷದ ಅಕ್ಟೋಬರಿನಲ್ಲಿ ಅವನು ಹತನಾದ. ನನ್ನ ವಿಶೇಷ ಗೌರವವೂ ಅಲ್ಲಿಗೆ ಮುಗಿಯಿತು.

ಬಸ್ಸಿಳಿದವರಿಗೆ ಮೊದಲು ಕಾಣುವುದು ಚಹದಂಗಡಿಗಳ ಸಾಲು. ಒಂದರಲ್ಲಿ ಇಡ್ಲಿ, ಇನ್ನೊಂದರಲ್ಲಿ ಮೊಮೊ. ಒಂದು ಬೆಂಚಿನ ಮೇಲೆ ಕೊಳ್ಳೇಗಾಲದ ಕನ್ನಡ, ಎದುರಿನ ಬೆಂಚಿನ ಮೇಲೆ ಲಾಸಾದ ಮಾತು. ದಲೈ ಲಾಮಾ ಅವರು 1959ರಲ್ಲಿ ಭಾರತಕ್ಕೆ ಬಂದ ಬಳಿಕ ನಿರಾಶ್ರಿತರಾಗಿ ಬಂದ ಟಿಬೆಟಿಯನ್ನರಿಗೆ ಮೈಸೂರು ಸರ್ಕಾರ ಜಮೀನು ಕೊಟ್ಟ ಸಂಗತಿಯನ್ನು ವಾಚಕರು ಬಲ್ಲರು. ಮೊದಲು ಬೈಲುಕುಪ್ಪೆ, ಅನಂತರ ಮುಂಡಗೋಡು, ಹುಣಸೂರಿನ ಗುರುಪುರ. ಕೊನೆಗೆ 1973–74ರಲ್ಲಿ ನಮ್ಮ ಒಡೆಯರಪಾಳ್ಯ. ಅವರು ಇಟ್ಟುಕೊಂಡ ಹೆಸರು ಧೋಂಡೆನ್‌ಲಿಂಗ್. ನಮ್ಮವರ ಬಾಯಲ್ಲಿ ಇಂದಿಗೂ 'ಕ್ಯಾಂಪು'. ಬೇಲಿಯಾಚೆ ಇಂಗ್ಲಿಷ್ ಅಕ್ಷರಗಳ ಹೆಸರು ಹೊತ್ತ ಪುಟ್ಟ ಪುಟ್ಟ ಹಳ್ಳಿಗಳು, ಮುಸುಕಿನ ಜೋಳದ ಹೊಲಗಳು, ಗಾಳಿಗೆ ಫಡಫಡಿಸುವ ಮಂತ್ರದ ಬಾವುಟಗಳು. 1992ರಲ್ಲಿ ದಲೈ ಲಾಮಾ ಅವರೇ ಬಂದು ಉದ್ಘಾಟಿಸಿದ ಜೋಗ್‌ಚೆನ್ ಮಠ ಇಲ್ಲಿದೆ. ಅಲ್ಲಿನ ಪುಟ್ಟ ಭಿಕ್ಷುಗಳು ಸಾಲಾಗಿ ನಡೆದುಹೋಗುವುದನ್ನು ಕಂಡಾಗಲೆಲ್ಲ, ಇವರೂ ಹಾಸ್ಟೆಲಿನ ಹುಡುಗರೇ ಅಲ್ಲವೇ ಎಂದುಕೊಳ್ಳುತ್ತೇನೆ.

ಎರಡು ಜನಾಂಗಗಳ ನಡುವೆ ಮೊದಲು ಬೆಳೆದ ಸ್ನೇಹ ಹಿಟ್ಟಿನದೆಂದು ಅಕ್ಕ ಹೇಳುತ್ತಾಳೆ. ಅವರದು ಹುರಿದ ಬಾರ್ಲಿಯ ಹಿಟ್ಟು, ತ್ಸಂಪಾ. ನಮ್ಮದು ರಾಗಿ ಹುರಿದು ಬೀಸಿದ ಹುರಿಟ್ಟು. ಇಬ್ಬರೂ ಅಂಗೈಯಲ್ಲಿ ಕಲಸಿ ಉಂಡೆ ಮಾಡಿ ತಿನ್ನುವವರು. ಇಬ್ಬರೂ ದೂರ ಹೊರಟವರ ಗಂಟಿಗೆ ಅದನ್ನೇ ಕಟ್ಟುವವರು. ಭಾಷೆ ತಿಳಿಯದ ದಿನಗಳಲ್ಲಿಯೂ ಇದಕ್ಕೆ ದುಭಾಷಿ ಬೇಕಾಗಲಿಲ್ಲ.

ಅಕ್ಕನ ಮನೆ ಕ್ಯಾಂಪಿನ ಬೇಲಿಗೆ ಅಂಟಿಕೊಂಡಂತೆಯೇ ಇದೆ. ನಡುಮನೆಯಲ್ಲಿ ಟ್ರಂಕು ಬಾಯಿ ತೆರೆದು ಕುಳಿತಿತ್ತು. ಆ ಟ್ರಂಕು ನನ್ನದೇ. ನಾನು ಓದು ಮುಗಿಸಿದ ಮೇಲೆ ಅದು ಅಕ್ಕನ ಮನೆಯಲ್ಲಿ ಉದ್ದಿನಬೇಳೆ ಕಾಯುತ್ತಿತ್ತು. ಈಗ ಅದರೊಳಗೆ ಎರಡು ಪ್ಯಾಂಟು, ಒಂದು ಜಮಖಾನ, ಹುರುಳಿಕಾಳಿನ ಚಟ್ನಿಪುಡಿ, ಮಾವಿನ ಉಪ್ಪಿನಕಾಯಿ, ಹುರಿಟ್ಟಿನ ಡಬ್ಬಿ, ಅಂಕಪಟ್ಟಿಗಳ ಲಕೋಟೆ ಮತ್ತು ಮಾದಪ್ಪನ ಪಟ. "ಬಟ್ಟೆಗಿಂತ ತಿಂಡಿಯೇ ಹೆಚ್ಚಾಯಿತಲ್ಲ ಅಕ್ಕ" ಎಂದೆ. "ಬಟ್ಟೆ ಹರಿದ್ರೆ ಅಲ್ಲೂ ಸಿಗ್ತದೆ" ಎಂದಳು.

ಆ ರಾತ್ರಿ ನಾನು ಭಾವ ಮತ್ತು ಅಳಿಯನ ಸಂಗಡ ಹೊಲದ ಅಟ್ಟಣೆಯ ಮೇಲೆ ಮಲಗಿದೆ. ಮಲಗಿದೆನೆಂಬುದು ಬರಿಯ ಮಾತು. ಆಗಸ್ಟಿನಲ್ಲಿ ಮುಸುಕಿನ ಜೋಳ ತೆನೆಗಟ್ಟಿ ಹಾಲು ತುಂಬುವ ಹೊತ್ತು. ಆ ಪರಿಮಳ ಮೊದಲು ಮುಟ್ಟುವುದು ಆನೆಗಳ ಮೂಗಿಗೆ. ಒಂದು ರಾತ್ರಿ ಮೈಮರೆತರೆ ವರ್ಷದ ಗಂಜಿ ಹೋಯಿತು. ಆದ್ದರಿಂದ ತಂದೆ ಮಗ ಜಾಮ ಹಂಚಿಕೊಂಡು ಕಾಯುತ್ತಾರೆ. ಒಬ್ಬನ ಕೈಯಲ್ಲಿ ಬ್ಯಾಟರಿ, ಇನ್ನೊಬ್ಬನ ಪಕ್ಕದಲ್ಲಿ ಖಾಲಿ ತಗಡಿನ ಡಬ್ಬ. ನಾಲ್ಕು ವರ್ಷಗಳಿಂದ ಎರಡನೆಯ ಜಾಮ ಹುಡುಗನದು. ಪಿ.ಯು.ಸಿ. ಪರೀಕ್ಷೆಗೆ ಅವನು ಓದಿದ್ದೂ ಅಟ್ಟಣೆಯ ಮೇಲೆ, ಅದೇ ಬ್ಯಾಟರಿಯ ಬೆಳಕಿನಲ್ಲಿ.

ಭಾವ ಮಿತಭಾಷಿ. ಆ ರಾತ್ರಿ ಮಾತ್ರ ತಾವಾಗಿಯೇ ಮಾದಪ್ಪನ ಕಥೆ ತೆಗೆದರು. ಕಂಸಾಳೆಯವರ ಬಾಯಿಂದ ಕೇಳಿ ಬೆಳೆದ ಕಥೆ: ಉತ್ತರ ದೇಶದಿಂದ ಬಂದ ಎಳೆಯ ಮಾದಪ್ಪ ಸುತ್ತೂರು ಮಠ ಸೇರುತ್ತಾನೆ, ಅಲ್ಲಿ ಅವನ ಪಾಲಿಗೆ ಬಂದದ್ದು ಖಂಡುಗಗಟ್ಟಲೆ ರಾಗಿ ಬೀಸುವ ಕೆಲಸ, ಅನಂತರ ಕುಂತೂರು ಮಠ, ಆಮೇಲೆಯೇ ಏಳು ಮಲೆಯ ಒಡೆತನ. "ದೇವ್ರಾದ್ರೂ ಮೊದ್ಲು ಮಠದಲ್ಲಿ ರಾಗಿ ಬೀಸ್ಬೇಕಾಯ್ತು ಕನಪ್ಪ" ಎಂದು ಮುಗಿಸಿದರು. ನಮ್ಮ ಸೀಮೆಯ ಇನ್ನೊಂದು ಮಹಾಕಥೆಯೂ ನನಗೆ ನೆನಪಾಯಿತು. ನಿಡುಘಟ್ಟದ ಆಚಾರಿಯ ಮನೆಯಿಂದ ಕೆಂಪಾಚಾರಿಯೆಂಬ ಹುಡುಗನನ್ನು ಮಂಟೇಸ್ವಾಮಿ ಬೇಡಿ ಪಡೆಯುತ್ತಾನೆ. ಆ ಹುಡುಗ ಕಠಿಣ ಪರೀಕ್ಷೆಗಳನ್ನು ಗೆದ್ದು ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯಾಗುತ್ತಾನೆ. ಮಗನನ್ನು ಗುರುವಿನ ಕೈಗೆ ಒಪ್ಪಿಸುವ ತಾಯಿತಂದೆಯ ಸಂಕಟವನ್ನು ನೀಲಗಾರರು ಹಾಡುವಾಗ, ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಕಣ್ಣೊರೆಸಿಕೊಳ್ಳದ ಹೆಂಗಸರಿಲ್ಲ. ಇವನ್ನೆಲ್ಲ ತರಗತಿಯಲ್ಲಿ ಜಾನಪದ ಕಾವ್ಯವೆಂದು ಬೋಧಿಸಿದ್ದೇನೆ. ಮರುದಿನ ಮಗನನ್ನು ಕಳುಹಿಸಬೇಕಾದ ತಂದೆಯ ಬಾಯಿಂದ ಕತ್ತಲಲ್ಲಿ ಕೇಳಿದಾಗ ಅದು ಕಾವ್ಯವೆನಿಸಲಿಲ್ಲ, ಮನೆಯ ಸಮಾಚಾರವೆನಿಸಿತು.

ಕಥೆ ಮುಗಿದು ಬಹಳ ಹೊತ್ತಿನ ಮೇಲೆ ಹುಡುಗ ಕೇಳಿದ: "ಅಪ್ಪ, ನಾಳೆಯಿಂದ ಎರಡ್ನೇ ಜಾಮ ಯಾರು?"

ಭಾವ ಉತ್ತರ ಕೊಡಲಿಲ್ಲ. ಡಬ್ಬವನ್ನು ಸುಮ್ಮನೆ ಎರಡು ಸಲ ಬಡಿದರು.

ಮರುದಿನ ಬಸ್ಸಿಗೆ ಬರುವಾಗ ಕ್ಯಾಂಪಿನ ಹಿರಿಯರೊಬ್ಬರು ತಮ್ಮ ಮನೆಯ ಜಗುಲಿಯಲ್ಲಿ ಜಪಮಣಿ ಎಣಿಸುತ್ತ ಕುಳಿತಿದ್ದರು. ನನಗೆ ಬಾಲ್ಯದಿಂದ ಪರಿಚಿತರು. ಚಳಿಗಾಲದಲ್ಲಿ ದೂರದ ಪಟ್ಟಣಗಳಿಗೆ ಹೋಗಿ ಸ್ವೆಟರು ಮಾರಿ ಮಕ್ಕಳನ್ನು ಓದಿಸಿದವರು. ಈಗ ಎಪ್ಪತ್ತೈದರ ವೃದ್ಧಾಪ್ಯ. ಮಗಳು ಪರದೇಶದಲ್ಲಿ, ಮೊಮ್ಮಗ ಬೆಂಗಳೂರಿನಲ್ಲಿ. ಹುಡುಗ ಕಾಲಿಗೆರಗಿ, "ಹಾಸ್ಟ್ಲಿಗೆ ಹೊಯ್ತಾ ಇವ್ನಿ ತಾತ" ಎಂದ. ಅವರು ತಿದ್ದಿದರು: "ಹೋಗ್ತೀನಿ ಅನ್ಬಾರ್ದು. ಹೋಗಿ ಬರ್ತೀನಿ ಅನ್ಬೇಕು. ಇಪ್ಪತ್ತು ವರ್ಷ ಹಿಂದೆ ನಿಮ್ಮ ಮಾವನಿಗೂ ಇದೇ ಹೇಳಿದ್ದೆ." ಅವರು ನನ್ನ ಕಡೆ ನೋಡಿ ನಕ್ಕರು. ಆ ನಗೆಯ ಅರ್ಥ ಹುಡುಗನಿಗೆ ಆಗ ತಿಳಿಯಲಿಲ್ಲ, ನಾನೂ ಹೇಳಲಿಲ್ಲ.

ಅಕ್ಕನೂ ಹೊರಟಳು. 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲವಷ್ಟೆ. ಅದಿಲ್ಲದಿದ್ದರೆ ಮಗನ ಹಾಸ್ಟೆಲನ್ನು ಕಣ್ಣಾರೆ ಕಾಣುವ ಆಸೆಯನ್ನು ಅವಳು ಎಂದಿನಂತೆ ಖರ್ಚಿನ ಲೆಕ್ಕದಲ್ಲಿ ಹೊಡೆದುಹಾಕುತ್ತಿದ್ದಳು. ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರ ದಾಟಿ ಮೈಸೂರು ಸೇರುವಾಗ ಸಂಜೆಯಾಗಿತ್ತು. ಚಾಮುಂಡಿಬೆಟ್ಟ ಕಂಡೊಡನೆ ತಾಯಿ ಕೈಮುಗಿದಳು. ಮಗ ಟ್ರಂಕಿನ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ಪರವೂರಿನಿಂದ ಓದಲು ಬರುವ ಹುಡುಗರಿಗೆ ಮೈಸೂರು ಹೊಸದಲ್ಲ. ಒಂದು ಕಾಲದಲ್ಲಿ ಹುಡುಗರು ವಾರಾನ್ನದ ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆಯೆಂದು ಉಂಡು ಓದುತ್ತಿದ್ದರು. ಏಳರಲ್ಲಿ ಒಂದು ಮನೆ ತಪ್ಪಿದರೆ ಆ ದಿನ ಕೊಳಾಯಿಯ ನೀರೇ ಗತಿ. 'ತಾತಯ್ಯ' ಎಂದು ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಬಡ ಹುಡುಗರಿಗಾಗಿ ಅನಾಥಾಲಯವನ್ನು ಸ್ಥಾಪಿಸಿದರು. ಮಲೆನಾಡಿನಿಂದ ಓದಲು ಬಂದ ಕುವೆಂಪು ಅವರಿಗೆ ಶ್ರೀರಾಮಕೃಷ್ಣಾಶ್ರಮ ಆಶ್ರಯವಿತ್ತಿತು. ಮಾದಪ್ಪ ರಾಗಿ ಬೀಸಿದನೆಂದು ಜನಪದರು ಹಾಡುವ ಸುತ್ತೂರು ಮಠವೇ, ಶಿವರಾತ್ರಿ ರಾಜೇಂದ್ರ ಸ್ವಾಮಿಗಳ ಕಾಲದಲ್ಲಿ, ಮೈಸೂರಿನಲ್ಲಿ ಹಳ್ಳಿಯ ಹುಡುಗರಿಗೆ ಉಚಿತ ಊಟ ವಸತಿಯ ನಿಲಯವನ್ನು ತೆರೆಯಿತು. 1970ರ ದಶಕದಲ್ಲಿ, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ಸರ್ಕಾರಿ ಹಾಸ್ಟೆಲುಗಳು ಊರೂರಿಗೆ ಹರಡಿದವು. ನನ್ನಂಥವನು ಇಂದು ಮೇಷ್ಟರೆನಿಸಿಕೊಂಡು ಈ ಪುಟದಲ್ಲಿ ಬರೆಯುತ್ತಿರುವುದು ಅಂಥ ಒಂದು ನಿಲಯದ ಅನ್ನದ ಋಣ.

ಅಳಿಯನ ಕೊಠಡಿಯಲ್ಲಿ ಮೂರು ಮಂಚ. ಒಂದರಲ್ಲಿ ರಾಯಚೂರಿನ ಕಡೆಯವನು, ಇನ್ನೊಂದರಲ್ಲಿ ಕೊಡಗಿನವನು. ಅಕ್ಕ ಹಾಸಿಗೆ ತಟ್ಟಿ ನೋಡಿದಳು, ಕಿಟಕಿಯ ಚಿಲಕ ಹಾಕಿ ತೆಗೆದಳು, ಅಡಿಗೆಯ ಮನೆಗೆ ನುಗ್ಗಿ, "ಮುದ್ದೆ ಮಾಡ್ತೀರಾ?" ಎಂದು ವಿಚಾರಿಸಿದಳು. ವಾರಕ್ಕೆ ಎರಡು ದಿನವೆಂಬ ಉತ್ತರ ಅವಳಿಗೆ ಸಾಲಲಿಲ್ಲ. ಗೇಟಿನ ಬಳಿ ಮಗನ ತಲೆ ಸವರಿ, ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ ಕೊಟ್ಟು, ಹಿಂದಿರುಗಿ ನೋಡದೆ ನಡೆದಳು. ರಾತ್ರಿ ನಮ್ಮ ಮನೆಯಲ್ಲಿ ತಟ್ಟೆಯ ಮುಂದೆ ಕುಳಿತವಳು, "ಅವನ್ದು ಉಂಡಾಯ್ತೇನೋ" ಎಂದು ಮೂರು ಸಲ ಕೇಳಿದಳು.

ಮೊದಲ ಮೂರು ದಿನಗಳ ವೃತ್ತಾಂತ ನನಗೆ ಫೋನಿನಲ್ಲಿ ಕಂತು ಕಂತಾಗಿ ಬಂತು. ಬೆಳಗ್ಗೆ ಬಚ್ಚಲಿನ ಮುಂದೆ ಬಕೆಟ್ಟುಗಳ ಸಾಲು. ಎದ್ದವನಿಗಿಂತ ಮೊದಲು ಅವನ ಬಕೆಟ್ಟು ಎದ್ದಿರಬೇಕು. ತಟ್ಟೆ ತಾನೇ ತೊಳೆಯಬೇಕು. ರಾಯಚೂರಿನವನು "ಹೌದಲ್ರೀ" ಎನ್ನುತ್ತಾನೆ. ಇವನ "ಹೂಂ ಕನಾ" ಕೇಳಿ ಅವನು ನಗುತ್ತಾನೆ. ಎರಡನೆಯ ರಾತ್ರಿ ಒಂದು ಪ್ರಸಂಗವೂ ನಡೆಯಿತು. ನಡುರಾತ್ರಿ ಅಡಿಗೆಮನೆಯಲ್ಲಿ ಬೆಕ್ಕು ಪಾತ್ರೆ ಉರುಳಿಸಿತು. ನಮ್ಮವನು ನಿದ್ದೆಯಲ್ಲೇ ಮಂಚದಿಂದ ಹಾರಿ, "ಆನೆ! ಆನೆ ಬಂತು! ಅಪ್ಪ, ಎದ್ದೇಳು!" ಎಂದು ಕೂಗಿದ. ಇಡೀ ಮಹಡಿ ಎದ್ದಿತು. ಬೆಳಗಾಗುವಷ್ಟರಲ್ಲಿ ಅವನಿಗೆ 'ಆನೆ' ಎಂದೇ ನಾಮಕರಣವಾಗಿತ್ತು. ಹಾಸ್ಟೆಲಿನಲ್ಲಿ ಅಡ್ಡಹೆಸರು ಬಿದ್ದವನಿಗೆ ಅರ್ಧ ಪ್ರವೇಶ ಸಿಕ್ಕಂತೆ ಎಂದು ನಾನು ಸಮಾಧಾನ ಹೇಳಿದೆ.

ಬುಧವಾರ ರಾತ್ರಿ ಹತ್ತು ಗಂಟೆಗೆ ಮತ್ತೆ ಫೋನು ಬಂತು. ಧ್ವನಿ ಬೇರೆಯಾಗಿತ್ತು.

"ಮಾವ, ಅಪ್ಪ ಒಬ್ರೇ ಅವ್ರೆ. ನಿನ್ನೆ ಆನೆ ಬಂದಿತ್ತಂತೆ. ಅವ್ವ ಬಾಯ್ಬುಡ್ಲಿಲ್ಲ, ಪಕ್ಕದ್ಮನೆಯವ್ರು ಹೇಳುದ್ರು. ನಂಗೆ ಕಾಲೇಜು ಬ್ಯಾಡ ಮಾವ. ಊರ್ಗೆ ಹೊಯ್ತೀನಿ."

ಮನೆಯ ನೆನಪಿನಿಂದ ಅಳುವ ಹುಡುಗನನ್ನು ಸಂತೈಸುವ ಮಾತುಗಳು ನನ್ನ ಬಳಿ ಇದ್ದವು. ಇವನು ಮನೆಯ ಊಟಕ್ಕಾಗಿ ಅಳುತ್ತಿರಲಿಲ್ಲ. ತನ್ನ ಜಾಮ ತಪ್ಪಿತೆಂದು ಅಳುತ್ತಿದ್ದ. ಅದಕ್ಕೆ ನನ್ನ ಎಂ.ಎ. ಪದವಿಯಲ್ಲಿ ಉತ್ತರವಿರಲಿಲ್ಲ. ಆಗ ನನ್ನದೇ ಕಥೆಯನ್ನು ಅವನಿಗೆ ಹೇಳಿದೆ.

2004ರಲ್ಲಿ ನಾನು ಹಾಸ್ಟೆಲು ಸೇರಿದ ಮೂರನೆಯ ದಿನವೇ ಯಾರಿಗೂ ಹೇಳದೆ ಬಸ್ಸು ಹತ್ತಿದ್ದೆ. ಒಡೆಯರಪಾಳ್ಯದಲ್ಲಿಳಿದಾಗ ಮುಸ್ಸಂಜೆ. ಮನೆಗೆ ಹೋಗಲು ಧೈರ್ಯ ಸಾಲದೆ ನಿಂತಿದ್ದವನನ್ನು ಕ್ಯಾಂಪಿನ ಆ ಹಿರಿಯರು ಕಂಡು, ಒಳಗೆ ಕರೆದು ಚಹ ಕೊಟ್ಟರು. ಬೈಯುವರೆಂದುಕೊಂಡಿದ್ದೆ, ಅವರು ತಮ್ಮ ಹಾಸ್ಟೆಲಿನ ಕಥೆ ಹೇಳಿದರು. ಹತ್ತು ವರ್ಷದ ಬಾಲಕನಾಗಿ ಹಿಮ ದಾಟಿ ಬಂದದ್ದು. ಅಸ್ಸಾಮಿನ ಮಿಸ್ಸಾಮಾರಿಯ ಶಿಬಿರ. ತಾಯಿತಂದೆ ಹಿಮಾಚಲದ ಬೆಟ್ಟಗಳಲ್ಲಿ ರಸ್ತೆ ಕೂಲಿಗೆ ಹೋದದ್ದು. ತಾವು ಮಸ್ಸೂರಿಯ ಶಾಲೆಯಲ್ಲಿ, ಸಾಲು ಮಂಚಗಳ ನಡುವೆ, ಮೊದಲ ರಾತ್ರಿ ಕಳೆದದ್ದು. "ನಾನೂ ಓಡಿಹೋಗ್ಬೇಕು ಅಂದ್ಕೊಂಡೆ. ಆದ್ರೆ ಎಲ್ಲಿಗೆ? ನಮ್ಮೂರಿಗೆ ಬಸ್ಸಿಲ್ಲ. ನಿಮ್ಮೂರಿಗೆ ಬಸ್ಸಿದೆ. ನಮ್ಮಲ್ಲಿ ಹೊರಡೋರಿಗೆ 'ನಿಧಾನವಾಗಿ ಹೋಗಿ' ಅಂತೀವಿ. ನಿಮ್ಮ ಮಾತು ಅದಕ್ಕಿಂತ ಒಳ್ಳೇದು. ಹೋಗಿ ಬರ್ತೀನಿ ಅಂತೀರಿ. ಊರು ಇರೋವ್ರು ಮಾತ್ರ ಹಾಗನ್ನಬಹುದು. ಮನೆಗೆ ಹೋಗು, ಊಟ ಮಾಡು. ನಾಳೆ ಮೊದಲನೇ ಬಸ್ಸಿಗೆ ಬಾ" ಎಂದರು. ಮರುದಿನ ನಸುಕಿನಲ್ಲಿ ಅವರೇ ಬಂದು ಬಸ್ಸಿನ ಬಳಿ ನಿಂತಿದ್ದರು.

ಅತ್ತ ಕಡೆ ಬಹಳ ಹೊತ್ತು ಮೌನ. ಕೊನೆಗೆ, "ಶನಿವಾರ ಹೋಗಿ ಬರ್ಲಾ ಮಾವ?" ಎಂದ. 'ಬರ್ಲಾ' ಎಂಬ ಪದ ಸೇರಿತಲ್ಲ ಎಂದು ನನಗೆ ಅರ್ಧ ನೆಮ್ಮದಿ. ಹಾಸ್ಟೆಲಿನ ರಿಜಿಸ್ಟರಿನಲ್ಲಿ ಹೊರಡುವ ದಿನ, ಮರಳುವ ದಿನ ಎಂದು ಎರಡು ಅಂಕಣಗಳಿರುತ್ತವೆ. ಎರಡನ್ನೂ ತುಂಬಿಯೇ ಹೋಗಬೇಕೆಂದು ಹೇಳಿದೆ. ಅವನು ಎರಡನೆಯದರಲ್ಲಿ 'ಸೋಮವಾರ' ಎಂದು ಬರೆದು ಹೊರಟ.

ಸೋಮವಾರ ಬೆಳಗ್ಗೆ ನನಗೆ ತರಗತಿಯ ಹೊತ್ತಾಗಿದ್ದರೂ ಸಬರ್ಬನ್ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ. ಬರದಿದ್ದರೆ ಅವನನ್ನು ದೂರಲು ನನಗೇನು ಅಧಿಕಾರ? ತಂದೆಯೊಬ್ಬನೇ ಅಟ್ಟಣೆಯಲ್ಲಿರುವುದು ಸುಳ್ಳಲ್ಲ. ಆನೆಗೆ ಕಾಲೇಜಿನ ವೇಳಾಪಟ್ಟಿ ತಿಳಿಯದು. ಇಂಥ ಕಾರಣಗಳಿಂದಲೇ ಎಷ್ಟೋ ಹುಡುಗರ ಹೆಸರು ಎರಡನೆಯ ತಿಂಗಳಿನಲ್ಲಿ ನಮ್ಮ ಹಾಜರಿ ಪುಸ್ತಕದಿಂದ ಕಾಣೆಯಾಗುತ್ತದೆ. ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮುಂದಿನ ಹೆಸರು ಕೂಗುತ್ತೇವೆ.

ಕೊಳ್ಳೇಗಾಲದ ಬಸ್ಸೊಂದು ಬಂತು, ಅವನಿಲ್ಲ. ಇನ್ನೊಂದು ಬಂತು, ಅದರಲ್ಲಿಯೂ ಇಲ್ಲ. ಮೂರನೆಯದರ ಹಿಂಬಾಗಿಲಿನಿಂದ, ಕಣ್ಣು ಕೆಂಪಾಗಿ, ತಲೆ ಕೆದರಿ, ಕೈಯಲ್ಲಿ ಚೀಲ ಹಿಡಿದು ಇಳಿದ. ಎರಡು ರಾತ್ರಿಯೂ ಜಾಮ ಕಾದು ಬಂದವನೆಂಬುದು ನೋಡಿದೊಡನೆ ತಿಳಿಯಿತು.

"ಭಾವ ಏನಂದ್ರು?" ಎಂದು ಕೇಳಿದೆ.

"ಬೇಲಿ ಆಚೆ ಕ್ಯಾಂಪಿನವ್ರ ಹೊಲವೂ ಜೋಳಾನೇ ಅಲ್ವಾ ಮಾವ? ಅವ್ರೂ ಒಬ್ರೇ ಕಾಯ್ತಿದ್ರಂತೆ. ತಾತನೇ ಇಬ್ರುನೂ ಕೂರ್ಸಿ ಮಾತಾಡುದ್ರು. ಈಗ ಎರಡು ಹೊಲಕ್ಕೂ ಒಂದೇ ಅಟ್ಟಣೆ, ಎರಡು ಜಾಮ. 'ನೀನು ಅಲ್ಲಿ ಚೆನ್ನಾಗಿ ನಿದ್ದೆ ಮಾಡು, ಎದ್ದು ಓದು' ಅಂದ್ರು ಅಪ್ಪ." ಒಂದು ಕ್ಷಣ ತಡೆದು, "ಶನಿವಾರ ಶನಿವಾರ ನಂದು" ಎಂದು ಸೇರಿಸಿದ.

ಚೀಲದಿಂದ ಎರಡು ಹುರಿಟ್ಟಿನ ಪೊಟ್ಟಣ ತೆಗೆದು ಒಂದನ್ನು ನನಗೆ ಕೊಟ್ಟ. ಇನ್ನೊಂದು ರಾಯಚೂರಿನವನಿಗಂತೆ, ಕೊಟ್ಟು ಕಳುಹಿಸಿದ್ದ ಡಬ್ಬಿ ನಾಲ್ಕೇ ದಿನಕ್ಕೆ ಖಾಲಿಯಾದ ಕಾರಣ ಆಗ ನನಗೆ ತಿಳಿಯಿತು.

"ನಡಿ, ತರಗತಿಗೆ ಹೊತ್ತಾಯಿತು" ಎಂದೆ. ಇಬ್ಬರೂ ಹೆಜ್ಜೆ ಬೀಸಿ ನಡೆದೆವು.